ವಯಸ್ಸಿಗೆ ತಕ್ಕ ಕಣ್ಣು, ಕರ್ತವ್ಯಕ್ಕೆ ತಕ್ಕ ಕಣ್ಣು

ಶ್ರಾವಕನು ಪಾಲಿಸಬೇಕಾದ ಐದು ಅಣುವ್ರತಗಳಲ್ಲಿ ಅಚೌರ್ಯಾಣುವ್ರತವೂ ಒಂದು. ಅದರ ಅತಿಚಾರಗಳನ್ನು ಹೇಳುವಾಗ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೀನಾಧಿಕ ಮಾನೋನ್ಮಾನವನ್ನು ಸೇರಿಸಿದ್ದಾರೆ. ಕೊಡುವಾಗ ಕಡಿಮೆ ಅಳತೆಯನ್ನೂ ಕೊಳ್ಳುವಾಗ ಹೆಚ್ಚಿನ ಅಳತೆಯನ್ನೂ ಬಳಸುವುದೆಂದು ಅದರ ಅರ್ಥ. ದಿನಸಿ ವ್ಯಾಪಾರದಲ್ಲಿ ನಲವತ್ತು ವರ್ಷಗಳನ್ನು ಕಳೆದ ನನಗೆ ಈ ಅತಿಚಾರದ ಅರ್ಥ ಚೆನ್ನಾಗಿ ತಿಳಿದಿದೆಯೆಂಬ ಭಾವನೆಯಿತ್ತು. ನಮ್ಮ ಅಂಗಡಿಯ ತಕ್ಕಡಿಗೂ ತೂಕದ ಕಲ್ಲುಗಳಿಗೂ ಕಾಲಕಾಲಕ್ಕೆ ಸರಕಾರದ ಮುದ್ರೆ ಬೀಳುತ್ತದೆ. ಆ ವಿಷಯದಲ್ಲಿ ಯಾರೂ ನನ್ನತ್ತ ಬೆರಳು ತೋರಿದ್ದಿಲ್ಲ. ಆದರೆ ಅಳತೆಯಲ್ಲಿ ಅಸತ್ಯ ನುಸುಳಲು ತಕ್ಕಡಿಯೇ ಬೇಕೆಂದಿಲ್ಲ ಎಂಬುದನ್ನು ನಾನು ಅರಿತದ್ದು ಅರವತ್ತು ದಾಟಿದ ಮೇಲೆ, ಒಂದು ಕಣ್ಣಿನ ಪರೀಕ್ಷೆಯ ಕೋಣೆಯಲ್ಲಿ.

ವಯಸ್ಸಾದಂತೆ ದೇಹದ ಶಕ್ತಿಗಳು ಕುಂದುತ್ತವೆ. ಇದು ಪ್ರಕೃತಿಯ ನಿಯಮ. ಇದರಲ್ಲಿ ಯಾರ ದೋಷವೂ ಇಲ್ಲ. ಆದರೆ ಹೀಗೆ ಸಹಜವಾಗಿ ಕುಂದಿದ ಶಕ್ತಿಯಿಂದ ಮತ್ತೊಂದು ಜೀವಕ್ಕೆ ನೋವಾದರೆ, ‘ನನ್ನ ವಯಸ್ಸಿಗೆ ಇದು ಸಹಜ’ ಎಂಬ ಮಾತು ಸಮಾಧಾನವಾದೀತೆ? ಸಹಜವೆಂಬುದು ಎಲ್ಲಿಯವರೆಗೆ ನಮ್ಮನ್ನು ದೋಷದಿಂದ ಮುಕ್ತಗೊಳಿಸುತ್ತದೆ, ಎಲ್ಲಿಂದ ಅದು ನೆಪವಾಗುತ್ತದೆ? ಈ ಪ್ರಶ್ನೆಯನ್ನು ಕಣ್ಣಿನ ದೃಷ್ಟಿಕ್ಷೇತ್ರವೆಂಬ ಒಂದೇ ವಿಷಯದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ದೃಷ್ಟಿಯ ದ್ವೀಪ

ಕಣ್ಣಿನ ಪರೀಕ್ಷೆಯೆಂದೊಡನೆ ನಮ್ಮ ನೆನಪಿಗೆ ಬರುವುದು ಗೋಡೆಯ ಮೇಲಿನ ಅಕ್ಷರಗಳ ಫಲಕ. ಅದು ಅಳೆಯುವುದು ನೇರ ನೋಟದ ಸೂಕ್ಷ್ಮತೆಯನ್ನು ಮಾತ್ರ. ನೋಟವನ್ನು ಒಂದೆಡೆ ನೆಟ್ಟಿರುವಾಗ ಸುತ್ತಲೂ ಎಷ್ಟು ವಿಸ್ತಾರ ನಮ್ಮ ಅರಿವಿಗೆ ಬರುತ್ತದೆಯೋ ಅದು ದೃಷ್ಟಿಕ್ಷೇತ್ರ. ಆರೋಗ್ಯವಂತ ಕಣ್ಣೊಂದು ಮೂಗಿನ ಕಡೆಗೆ ಸುಮಾರು 60 ಅಂಶಗಳಷ್ಟು, ಮೇಲಕ್ಕೆ ಸುಮಾರು 60, ಕೆಳಕ್ಕೆ 70ಕ್ಕಿಂತ ತುಸು ಹೆಚ್ಚು, ಕಿವಿಯ ಕಡೆಗೆ 90 ಅಥವಾ ಅದಕ್ಕೂ ಮಿಗಿಲಾಗಿ ಕಾಣಬಲ್ಲದು. ಈ ವಿಸ್ತಾರದ ಒಳಗೆ, ಕಿವಿಯ ಕಡೆಗೆ ಸುಮಾರು 15 ಅಂಶಗಳ ದೂರದಲ್ಲಿ, ಏನೂ ಕಾಣದ ಒಂದು ಸ್ಥಳವಿದೆ. ಕಣ್ಣಿನಿಂದ ದೃಷ್ಟಿನರವು ಹೊರಡುವ ಜಾಗ ಅದು. ಈ ಅಂಧಬಿಂದುವನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ಮರಿಯೊತ್ ಕಂಡುಹಿಡಿದನು. ಅದಕ್ಕೆ ಮುಂಚೆ ಸಾವಿರಾರು ವರ್ಷ ಕೋಟ್ಯಂತರ ಜನರು ಅದನ್ನು ಹೊತ್ತುಕೊಂಡೇ ಬದುಕಿದ್ದರು. ಅದು ಇದೆಯೆಂದು ಅವರಿಗೆ ತಿಳಿದಿರಲಿಲ್ಲ. ಕಾಣದ ಜಾಗವು ಕಪ್ಪಾಗಿ ತೋರುವುದಿಲ್ಲ. ಸುತ್ತಲಿನ ಬಣ್ಣಗಳಿಂದ ಮಿದುಳು ಅದನ್ನು ತುಂಬಿಬಿಡುತ್ತದೆ. ಕಾಣದಿರುವುದನ್ನು ಕಾಣಲಾಗುವುದಿಲ್ಲ ಎಂಬ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲವೂ ಇದರ ಮೇಲೆಯೇ ನಿಂತಿದೆ.

20ನೆಯ ಶತಮಾನದ ಮೊದಲ ಭಾಗದಲ್ಲಿ ಎಡಿನ್‌ಬರೋದ ನೇತ್ರವೈದ್ಯ ಟ್ರಾಕ್ವೇರ್ ಅವರು ದೃಷ್ಟಿಕ್ಷೇತ್ರವನ್ನು ಕುರುಡಿನ ಕಡಲಿನ ನಡುವೆ ಎದ್ದು ನಿಂತ ಗುಡ್ಡದಂಥ ದ್ವೀಪಕ್ಕೆ ಹೋಲಿಸಿದರು. ನಟ್ಟನಡುವೆ ಶಿಖರ, ಅಲ್ಲಿ ಅತ್ಯಂತ ಮಂದ ಬೆಳಕೂ ಕಾಣುತ್ತದೆ. ಅಂಚಿಗೆ ಹೋದಂತೆ ನೆಲ ಇಳಿಯುತ್ತದೆ. ಕಾಣಬೇಕಾದರೆ ಬೆಳಕು ಹೆಚ್ಚಬೇಕು. ತೀರದಿಂದಾಚೆ ಎಷ್ಟು ಬೆಳಕಿದ್ದರೂ ಕಾಣದು. ಈ ದ್ವೀಪದ ಒಂದೊಂದು ಜಾಗದ ಎತ್ತರವನ್ನು ಅಳೆಯುವುದೇ ದೃಷ್ಟಿಕ್ಷೇತ್ರದ ಪರೀಕ್ಷೆ. ನಮ್ಮ ಊರುಗಳ ಕಣ್ಣಾಸ್ಪತ್ರೆಗಳಲ್ಲಿ ಇದನ್ನು ಫೀಲ್ಡ್ ಟೆಸ್ಟ್ ಎನ್ನುತ್ತಾರೆ.

ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಗೋಲ್ಡ್‌ಮನ್ ಅವರು 1945ರಲ್ಲಿ ಬಿಳಿಯ ಬೋಗುಣಿಯಾಕಾರದ ಉಪಕರಣವನ್ನು ರೂಪಿಸಿ ಈ ಅಳತೆಗೆ ನಿಶ್ಚಿತವಾದ ಮಾನಗಳನ್ನು ಕೊಟ್ಟರು. ಈಗಿನ ಗಣಕಚಾಲಿತ ಯಂತ್ರಗಳೂ ಬಹುಮಟ್ಟಿಗೆ ಅದೇ ಮಾನಗಳನ್ನು ಅನುಸರಿಸುತ್ತವೆ. ಗಲ್ಲವನ್ನು ಆಧಾರದ ಮೇಲಿಟ್ಟು, ಒಂದು ಕಣ್ಣನ್ನು ಮುಚ್ಚಿ, ಇನ್ನೊಂದನ್ನು ನಡುವಿನ ಗುರುತಿನ ಮೇಲೆ ನೆಟ್ಟು ಕುಳಿತುಕೊಳ್ಳಬೇಕು. ಬೋಗುಣಿಯ ಒಳಮೈಯಲ್ಲಿ ಅಲ್ಲೊಂದು ಇಲ್ಲೊಂದು ಚಿಕ್ಕ ಬೆಳಕು ಸೆಕೆಂಡಿನ ಐದರಲ್ಲೊಂದು ಭಾಗ ಮಾತ್ರ ಮಿನುಗುತ್ತದೆ. ಕಂಡರೆ ಕೈಯಲ್ಲಿರುವ ಗುಂಡಿಯನ್ನು ಒತ್ತಬೇಕು. ಕಂಡರೆ ಯಂತ್ರವು ಅದೇ ಜಾಗದಲ್ಲಿ ಇನ್ನಷ್ಟು ಮಂದ ಬೆಳಕನ್ನು ತೋರಿಸುತ್ತದೆ, ಕಾಣದಿದ್ದರೆ ಹೆಚ್ಚಿಸುತ್ತದೆ. ಹತ್ತು ಸಲ ತೋರಿಸಿದರೆ ಐದು ಸಲ ಮಾತ್ರ ಕಾಣುವಷ್ಟು ಮಂದವಾದ ಬೆಳಕು ಯಾವುದೋ ಅದು ಆ ಜಾಗದ ಹೊಸ್ತಿಲು. ಅದನ್ನು ಡೆಸಿಬೆಲ್ ಎಂಬ ಮಾನದಲ್ಲಿ ಬರೆಯುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ಕಣ್ಣಿನ ಗ್ರಹಣಶಕ್ತಿ ಹೆಚ್ಚು. ಹತ್ತು ಡೆಸಿಬೆಲ್ ಹೆಚ್ಚೆಂದರೆ ಹತ್ತನೇ ಒಂದು ಪಾಲು ಬೆಳಕಿನಲ್ಲೇ ಕಾಣಬಲ್ಲದೆಂದು ಅರ್ಥ.

ನಮ್ಮ ಆಗಮಗಳು ಜ್ಞಾನಕ್ಕಿಂತ ಮುಂಚಿನ ಸಾಮಾನ್ಯ ಅರಿವನ್ನು ದರ್ಶನವೆಂದೂ, ಕಣ್ಣಿನ ಮೂಲಕ ಆಗುವ ದರ್ಶನವನ್ನು ಚಕ್ಷುರ್ದರ್ಶನವೆಂದೂ ಕರೆಯುತ್ತವೆ. ‘ಇದು ಇಂಥದು’ ಎಂಬ ನಿರ್ಣಯ ಅಲ್ಲಿಲ್ಲ. ‘ಏನೋ ಇದೆ’ ಎಂಬಷ್ಟೇ ಇದೆ. ಬೋಗುಣಿಯೊಳಗಿನ ಆ ಮಿನುಗನ್ನು ಎದುರಿಸುವಾಗ ಈ ವಿಭಾಗ ನೆನಪಾಗದಿರದು. ಅಲ್ಲಿ ಅಕ್ಷರವಿಲ್ಲ, ಆಕಾರವಿಲ್ಲ. ಇದೆಯೇ ಇಲ್ಲವೇ ಎಂಬುದೊಂದೇ ಪ್ರಶ್ನೆ, ಉತ್ತರಿಸಬೇಕಾದವರು ನಾವೊಬ್ಬರೇ.

ಸಹಜ ಯಾರು?

ಅಳೆದು ಸಂಖ್ಯೆಯನ್ನು ಬರೆದರೆ ಕೆಲಸ ಮುಗಿಯುವುದಿಲ್ಲ. 28 ಡೆಸಿಬೆಲ್ ಒಳ್ಳೆಯದೋ ಕೆಟ್ಟದ್ದೋ? ಹೋಲಿಸಲು ಒಂದು ಮಾನದಂಡ ಬೇಕು. ಆದ್ದರಿಂದಲೇ 1980ರ ದಶಕದಲ್ಲಿ, ಗಣಕಚಾಲಿತ ಯಂತ್ರಗಳು ಬಳಕೆಗೆ ಬಂದಾಗ, ರೋಗವಿಲ್ಲದ ಕಣ್ಣುಗಳನ್ನೇ ವಯಸ್ಸಿಗನುಸಾರವಾಗಿ ಅಳೆಯುವ ಕಾರ್ಯವನ್ನು ವಿದ್ವಾಂಸರು ಕೈಗೊಂಡರು. ಸ್ವೀಡನ್ನಿನ ಹೈಲ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಅಧ್ಯಯನ ಇವುಗಳಲ್ಲಿ ಮುಖ್ಯವಾದುದು. ಈ ಬಗೆಯ ಅಧ್ಯಯನಗಳಿಂದ ತಿಳಿದುಬಂದ ಸಂಗತಿಗಳು ಮೂರು.

ಮೊದಲನೆಯದು, ಆರೋಗ್ಯವಂತ ಕಣ್ಣೂ ವಯಸ್ಸಿನೊಡನೆ ಮಂದವಾಗುತ್ತದೆ. ಹತ್ತು ವರ್ಷಕ್ಕೆ ಸರಾಸರಿ ಅರ್ಧ ಡೆಸಿಬೆಲ್ಲಿಗಿಂತ ತುಸು ಹೆಚ್ಚು. ಇದು ಅಲ್ಪವೆಂದು ತೋರಬಹುದು. ಆದರೆ ಇಪ್ಪತ್ತರಿಂದ ಎಪ್ಪತ್ತರವರೆಗಿನ ಐದು ದಶಕಗಳಲ್ಲಿ ಅದು ಸುಮಾರು ಮೂರು ಡೆಸಿಬೆಲ್ ಆಗುತ್ತದೆ. ಮೂರು ಡೆಸಿಬೆಲ್ ಎಂದರೆ ಇಮ್ಮಡಿ ಬೆಳಕು. ಮೊಮ್ಮಗನು ಕಂಡ ಮಂದ ಬೆಳಕನ್ನು ಅಜ್ಜನು ಕಾಣಬೇಕಾದರೆ ಅದನ್ನು ಎರಡರಷ್ಟು ಮಾಡಬೇಕು. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುವುದು, ಮಸೂರ ಹಳದಿಗಟ್ಟುವುದು ಇದಕ್ಕೆ ಸ್ವಲ್ಪಮಟ್ಟಿಗೆ ಕಾರಣ. ಆದರೆ ಹೆಚ್ಚಿನ ಭಾಗವು ನರಮಂಡಲದ ಕ್ಷಯದಿಂದಲೇ ಎಂಬುದನ್ನು 1989ರಲ್ಲಿ ಅಮೆರಿಕದ ಜಾನ್ಸನ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಅಂದರೆ ಕನ್ನಡಕ ಬದಲಿಸಿ ಸರಿಪಡಿಸಲಾಗದ ಕುಂದು ಇದು.

ಎರಡನೆಯದು, ಈ ಕುಂದು ಎಲ್ಲೆಡೆ ಒಂದೇ ಸಮನಾಗಿಲ್ಲ. ನಡುವಿಗಿಂತ ಅಂಚುಗಳಲ್ಲಿ ಹೆಚ್ಚು. ಆರೋಗ್ಯವಂತರಲ್ಲಿಯೇ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸವೂ ನಡುವಿನಲ್ಲಿ ಕಡಿಮೆ, ಅಂಚಿನಲ್ಲಿ ಬಹಳ. ಆದ್ದರಿಂದ ಐದು ಡೆಸಿಬೆಲ್ ಕೊರತೆಯು ನಡುವಿನಲ್ಲಿದ್ದರೆ ವೈದ್ಯರು ಚಿಂತಿಸುತ್ತಾರೆ. ಅದೇ ಕೊರತೆ ಅಂಚಿನಲ್ಲಿದ್ದರೆ ಕಾದು ನೋಡುತ್ತಾರೆ. ಒಂದೇ ಅಳತೆಯ ಕೊರತೆ ಎಲ್ಲ ಸ್ಥಳದಲ್ಲೂ ಒಂದೇ ಅರ್ಥವನ್ನು ಕೊಡುವುದಿಲ್ಲ.

ಮೂರನೆಯದು, ಮಿತಿ ಎಂಬುದು ಮನುಷ್ಯರು ಎಳೆದ ಗೆರೆ. ಆರೋಗ್ಯವಂತರಲ್ಲಿ ನೂರಕ್ಕೆ ಐವರಿಗಿಂತ ಕಡಿಮೆ ಜನರಲ್ಲಿ ಮಾತ್ರ ಕಾಣುವಷ್ಟು ಕೊರತೆಯಿದ್ದರೆ ಯಂತ್ರವು ಆ ಜಾಗಕ್ಕೆ ಗುರುತು ಹಾಕುತ್ತದೆ. ಸಾಮಾನ್ಯವಾಗಿ ಬಳಸುವ ಒಂದು ಪರೀಕ್ಷೆಯಲ್ಲಿ ಅಂಧಬಿಂದುವಿನ ಎರಡು ಜಾಗಗಳನ್ನು ಬಿಟ್ಟು 52 ಜಾಗಗಳನ್ನು ಅಳೆಯುತ್ತಾರೆ. ನೂರಕ್ಕೆ ಐದರ ಲೆಕ್ಕದಲ್ಲಿ, ಯಾವ ರೋಗವೂ ಇಲ್ಲದವನಿಗೂ ಸರಾಸರಿ ಎರಡು ಮೂರು ಜಾಗಗಳಲ್ಲಿ ಗುರುತು ಬೀಳುವುದು ನಿರೀಕ್ಷಿತ. ಒಂದೆರಡು ಚುಕ್ಕೆಗಳನ್ನು ಕಂಡು ಹೆದರಿ ಮನೆಯವರನ್ನೆಲ್ಲ ಹೆದರಿಸುವವರು ಇದನ್ನು ತಿಳಿದಿರಬೇಕು. ವೈದ್ಯರು ಒಂಟಿ ಚುಕ್ಕೆಗಳಿಗಿಂತ ಒಂದೆಡೆ ಗುಂಪುಗೂಡಿದ ಚುಕ್ಕೆಗಳನ್ನು, ಮೇಲರ್ಧಕ್ಕೂ ಕೆಳರ್ಧಕ್ಕೂ ಇರುವ ವ್ಯತ್ಯಾಸವನ್ನು ಗಮನಿಸುತ್ತಾರೆ. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುತ್ತಾರೆ.

ಇಲ್ಲಿ ಒಂದು ನೈತಿಕ ಪ್ರಶ್ನೆ ಅಡಗಿದೆ. ಮಾನದಂಡಕ್ಕಾಗಿ ಆರಿಸಿದ ‘ಆರೋಗ್ಯವಂತರು’ ಯಾರು? ಅತ್ಯುತ್ತಮ ಕಣ್ಣಿನವರನ್ನೇ ಆರಿಸಿದರೆ ಗೆರೆ ಮೇಲೇರುತ್ತದೆ. ಸಾಧಾರಣ ಆರೋಗ್ಯದ ವೃದ್ಧನೂ ರೋಗಿಯೆನಿಸುತ್ತಾನೆ, ಬೇಡದ ಔಷಧಿಯನ್ನು ಆಜೀವ ಹಾಕಿಕೊಳ್ಳುತ್ತಾನೆ. ಸರಿಯಾಗಿ ಪರೀಕ್ಷಿಸದೆ ರೋಗದ ಆರಂಭದಲ್ಲಿರುವವರನ್ನೂ ಸೇರಿಸಿಕೊಂಡರೆ ಗೆರೆ ಕೆಳಗಿಳಿಯುತ್ತದೆ. ನಿಜವಾದ ರೋಗಿಯು ಸಹಜನೆನಿಸಿ ಚಿಕಿತ್ಸೆಯಿಲ್ಲದೆ ಉಳಿಯುತ್ತಾನೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಿತೆಂಬ ಕಾರಣಕ್ಕೇ ಒಬ್ಬನನ್ನು ಆರೋಗ್ಯವಂತರ ಪಟ್ಟಿಯಿಂದ ತೆಗೆದರೆ ಅದು ಉತ್ತರವನ್ನು ಮೊದಲೇ ಬರೆದಿಟ್ಟು ಲೆಕ್ಕ ಮಾಡಿದಂತೆ. ಆದ್ದರಿಂದ ಕಣ್ಣಿನ ಒತ್ತಡ, ದೃಷ್ಟಿನರದ ರೂಪ, ಪೂರ್ವ ಇತಿಹಾಸ ಮುಂತಾದ ಬೇರೆ ಆಧಾರಗಳಿಂದ ಆರೋಗ್ಯವನ್ನು ನಿಶ್ಚಯಿಸಿ ಅನಂತರ ಕ್ಷೇತ್ರವನ್ನು ಅಳೆಯಬೇಕಾಗುತ್ತದೆ. ತಕ್ಕಡಿಗೆ ಹೀನಾಧಿಕ ದೋಷವಿರುವಂತೆ ಮಾನದಂಡಕ್ಕೂ ಹೀನಾಧಿಕ ದೋಷವಿದೆ. ತಕ್ಕಡಿಯ ದೋಷ ಒಬ್ಬ ಗಿರಾಕಿಯನ್ನು ಮುಟ್ಟಿದರೆ ಮಾನದಂಡದ ದೋಷ ಎಷ್ಟು ಸಾವಿರ ಜನರನ್ನು ಮುಟ್ಟುತ್ತದೆಯೋ ಹೇಳಲಾಗದು.

ಇನ್ನೂ ಒಂದು ಸೂಕ್ಷ್ಮವಿದೆ. ಹುಟ್ಟಿನಿಂದ ಉತ್ತಮ ಗ್ರಹಣಶಕ್ತಿಯಿದ್ದವನು ಅದರಲ್ಲಿ ಬಹಳಷ್ಟನ್ನು ಕಳೆದುಕೊಂಡರೂ ಸಹಜ ಮಿತಿಯೊಳಗೇ ಇರಬಹುದು. ಗ್ಲಾಕೋಮಾ ರೋಗದಲ್ಲಿ ದೃಷ್ಟಿನರದ ತಂತುಗಳಲ್ಲಿ ಕಾಲು ಭಾಗವೋ ಅದಕ್ಕೂ ಹೆಚ್ಚೋ ನಾಶವಾದ ಮೇಲೆಯೇ ಈ ಪರೀಕ್ಷೆಯಲ್ಲಿ ನಿಶ್ಚಿತವಾದ ಕೊರತೆ ಕಾಣಬಹುದೆಂದು ಅಧ್ಯಯನಗಳು ತಿಳಿಸುತ್ತವೆ. ಆದ್ದರಿಂದ ವೈದ್ಯರು ಒಬ್ಬನ ಇಂದಿನ ಅಳತೆಯನ್ನು ಅವನದೇ ಹಿಂದಿನ ಅಳತೆಯೊಡನೆ ಹೋಲಿಸುವುದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ವ್ಯಾಪಾರಿಗೆ ಇದು ಅರ್ಥವಾಗದ ಮಾತಲ್ಲ. ನಮ್ಮ ಲಾಭನಷ್ಟ ತಿಳಿಯುವುದು ವರ್ಷದ ಆರಂಭದ ದಾಸ್ತಾನನ್ನು ವರ್ಷಾಂತ್ಯದ ದಾಸ್ತಾನಿನೊಡನೆ ಹೋಲಿಸಿದಾಗ. ಪಕ್ಕದ ಅಂಗಡಿಯ ದಾಸ್ತಾನನ್ನು ನೋಡಿ ಯಾರೂ ತಮ್ಮ ಲೆಕ್ಕವನ್ನು ಮುಗಿಸುವುದಿಲ್ಲ.

ಕಾಣದುದನ್ನು ಕಂಡೆನೆನ್ನುವುದು

ಈಗ ನನ್ನ ಕಥೆಯನ್ನು ಹೇಳಬೇಕು. ನನ್ನ ಅಣ್ಣನವರಿಗೆ ಗ್ಲಾಕೋಮಾ ಇದೆಯೆಂದು ತಿಳಿಯುವ ಹೊತ್ತಿಗೆ ಅವರ ಒಂದು ಕಣ್ಣಿನ ಕ್ಷೇತ್ರ ಬಹುಭಾಗ ಹೋಗಿತ್ತು. ಪತ್ರಿಕೆ ಓದುತ್ತಿದ್ದರು, ಲೆಕ್ಕ ಬರೆಯುತ್ತಿದ್ದರು, ಯಾವ ನೋವೂ ಇರಲಿಲ್ಲ. ಚೆನ್ನೈ ನಗರದಲ್ಲಿಯೂ ಅದರ ಸಮೀಪದ ಹಳ್ಳಿಗಳಲ್ಲಿಯೂ ಈ ಶತಮಾನದ ಮೊದಲ ದಶಕದಲ್ಲಿ ನಡೆದ ಸಮೀಕ್ಷೆಯಲ್ಲಿ, ಈ ರೋಗವಿದ್ದ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ತಮಗೆ ರೋಗವಿದೆಯೆಂಬುದೇ ಗೊತ್ತಿರಲಿಲ್ಲ. ಒಡಹುಟ್ಟಿದವರಲ್ಲಿ ರೋಗವಿದ್ದರೆ ಉಳಿದವರಿಗೂ ಅಪಾಯ ಹಲವು ಪಟ್ಟು ಹೆಚ್ಚು. ಆದ್ದರಿಂದ ವೈದ್ಯರು ನನ್ನನ್ನೂ ಪರೀಕ್ಷೆಗೆ ಕಳುಹಿಸಿದರು.

ಬೋಗುಣಿಯ ಮುಂದೆ ಕುಳಿತ ಸ್ವಲ್ಪ ಹೊತ್ತಿನಲ್ಲಿ ಬೆಳಕುಗಳು ಕಾಣದಾದವು. ಮಿನುಗಿತೋ ಇಲ್ಲವೋ ಎಂಬ ಸಂಶಯ. ಅಣ್ಣನ ಮುಖ ಕಣ್ಣ ಮುಂದೆ ಬಂದಿತು. ಯಂತ್ರದ ಸಣ್ಣ ಸದ್ದಿನ ಲಯವನ್ನು ಗಮನಿಸಿ, ಈಗ ಬೆಳಕು ಬಂದಿರಬೇಕೆಂದು ಊಹಿಸಿ ಗುಂಡಿಯನ್ನು ಒತ್ತತೊಡಗಿದೆ. ಎಷ್ಟು ಹೆಚ್ಚು ಒತ್ತಿದರೆ ಅಷ್ಟು ಒಳ್ಳೆಯ ಫಲಿತಾಂಶವೆಂಬುದು ನನ್ನ ಎಣಿಕೆ. ಪರೀಕ್ಷೆ ನಡೆಸುತ್ತಿದ್ದ ಹುಡುಗಿ ಯಂತ್ರವನ್ನು ನಿಲ್ಲಿಸಿದಳು.

“ಸರ್, ಬೆಳಕು ಇಲ್ಲದಾಗಲೂ ಒತ್ತುತ್ತಿದ್ದೀರಿ. ಕಂಡರೆ ಮಾತ್ರ ಒತ್ತಿ. ಕಾಣದಿದ್ದರೆ ಅದು ನಿಮ್ಮ ತಪ್ಪಲ್ಲ. ಈ ಪರೀಕ್ಷೆಯಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಬೆಳಕು ಯಾರಿಗೂ ಕಾಣುವುದಿಲ್ಲ.”

ಯಂತ್ರವು ಬೆಳಕು ತೋರದ ಹೊತ್ತಿನಲ್ಲಿ ಬಂದ ಒತ್ತುವಿಕೆಗಳನ್ನೂ ಲೆಕ್ಕವಿಡುತ್ತದೆಂದು ನನಗೆ ಆಗ ತಿಳಿಯಿತು. ಅಂಧಬಿಂದುವಿನ ಜಾಗದಲ್ಲಿ ಬೆಳಕು ತೋರಿಸಿಯೂ ಅದು ಪರೀಕ್ಷಿಸುತ್ತದೆ. ಅಲ್ಲಿಯೂ ‘ಕಂಡಿತು’ ಎಂದರೆ ನೋಟವು ನಡುವಿನ ಗುರುತಿನಿಂದ ಅಲುಗಿದೆಯೆಂದು ಅರ್ಥ. ನಲವತ್ತು ವರ್ಷ ತಕ್ಕಡಿಯ ಮುಂದೆ ಕುಳಿತವನು ಒಂದು ಅಳತೆಯಲ್ಲಿ ಮೋಸ ಮಾಡಲು ಹೊರಟು ಸಿಕ್ಕಿಬಿದ್ದಿದ್ದೆ. ಮೋಸ ಹೋಗುತ್ತಿದ್ದವನು ಬೇರಾರೂ ಅಲ್ಲ, ನಾನೇ. ಸುಳ್ಳು ಒತ್ತುವಿಕೆಯಿಂದ ದ್ವೀಪವು ಇರುವುದಕ್ಕಿಂತ ಎತ್ತರವಾಗಿ ತೋರುತ್ತದೆ; ಅದರಡಿಯಲ್ಲಿ ರೋಗವು ಅಡಗಿಕೊಳ್ಳುತ್ತದೆ.

ಸತ್ಯವನ್ನು ನಾವು ಸಾಮಾನ್ಯವಾಗಿ ಇತರರಿಗೆ ಸಲ್ಲಬೇಕಾದ ಋಣವೆಂದು ತಿಳಿದಿದ್ದೇವೆ. ಆದರೆ ಇಂಥ ಪರೀಕ್ಷೆಯಲ್ಲಿ ಸಾಕ್ಷಿಯೂ ನಾವೇ, ಫಲವನ್ನು ಅನುಭವಿಸುವವರೂ ನಾವೇ. ‘ನನಗೆ ಕಾಣಲಿಲ್ಲ’ ಎಂದು ಒಪ್ಪಿಕೊಳ್ಳುವ ಧೈರ್ಯವಿಲ್ಲದವನಿಗೆ ಯಾವ ಯಂತ್ರವೂ ಸಹಾಯ ಮಾಡಲಾರದು. ಸ್ವಲ್ಪ ವಿಶ್ರಾಂತಿ ಪಡೆದು ಪರೀಕ್ಷೆಯನ್ನು ಮತ್ತೆ ಕೊಟ್ಟೆ. ಈ ಸಲ ಕಾಣದಾಗ ಕೈ ಸುಮ್ಮನಿತ್ತು. ಫಲಿತಾಂಶದ ಕಾಗದದಲ್ಲಿ ಎರಡು ಕಣ್ಣುಗಳೂ ಸಹಜ ಮಿತಿಯೊಳಗಿವೆಯೆಂದು ಬಂದಿತು. ಆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಸಂತೋಷದಿಂದ ಮನೆಗೆ ಬಂದೆ.

ಸಂಜೆಯ ಘಟನೆ

ಕೆಲವು ವಾರಗಳ ನಂತರ ಒಂದು ಇಳಿಹೊತ್ತು ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದೆ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸಬೇಕೆಂಬ ಅವಸರ. ಬಸದಿಯ ಬೀದಿಯ ತಿರುವಿನಲ್ಲಿ ಎಡಗಡೆಯಿಂದ ಸೈಕಲ್ಲಿನಲ್ಲಿ ಬಂದ ಹುಡುಗನೊಬ್ಬ ನನಗೆ ಕಾಣಲೇ ಇಲ್ಲ. ಸ್ಕೂಟರು ತಾಗಿ ಅವನು ಬಿದ್ದ. ಮೊಣಕಾಲು ತರಚಿ ರಕ್ತ ಬಂದಿತು; ಪುಣ್ಯಕ್ಕೆ ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಸೇರಿದ ಜನರ ಮುಂದೆ ನಾನು ಹೇಳಿದ ಮೊದಲ ಮಾತು, “ನನ್ನ ಕಣ್ಣಿನ ಪರೀಕ್ಷೆ ಆಗಿದೆ, ಎಲ್ಲ ಸರಿಯಿದೆ” ಎಂಬುದು. ಹುಡುಗನ ಗಾಯಕ್ಕೆ ಔಷಧಿ ಹಾಕಿಸಿ, ಅವನನ್ನು ಮನೆಗೆ ತಲುಪಿಸಿ, ಅವನ ತಾಯಿಯ ಕ್ಷಮೆ ಕೇಳಿ ಬಂದೆ. ಊಟದ ಹೊತ್ತು ಮೀರಿತ್ತು.

ನಡೆದುದನ್ನು ಕೇಳಿದ ನಮ್ಮ ಮನೆಯವರು, “ಸರಿಯಿದೆ ಅಂತ ಬರೆದದ್ದು ನಿಮ್ಮ ವಯಸ್ಸಿಗೆ ಅಲ್ಲವೇನ್ರೀ? ಆ ಹುಡುಗನಿಗೆ ನಿಮ್ಮ ವಯಸ್ಸು ಏನು ಗೊತ್ತು?” ಎಂದರು. ಶಾಸ್ತ್ರಗ್ರಂಥಗಳನ್ನು ಓದಿ ಬರೆಯುವ ನನಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ. ಕತ್ತಲಾದ ಮೇಲೆ ಉಣ್ಣುವಾಗ ಕಣ್ಣಿಗೆ ಕಾಣದ ಕ್ರಿಮಿಗಳಿಗೆ ಹಿಂಸೆಯಾಗಬಾರದೆಂದು ಅವಸರಪಟ್ಟವನು ಹಾದಿಯಲ್ಲಿ ಒಬ್ಬ ಬಾಲಕನನ್ನು ಕೆಡವಿದ್ದೆ.

ಆ ಮೇಲೆ ವೈದ್ಯರನ್ನು ಕೇಳಿ ಎರಡು ವಿಷಯಗಳನ್ನು ತಿಳಿದುಕೊಂಡೆ. ನನಗೆ ಮಾಡಿದ ಪರೀಕ್ಷೆಯು ನಡುವಿನ ಸುಮಾರು 24 ಅಂಶಗಳ ಕ್ಷೇತ್ರವನ್ನು ಮಾತ್ರ ಅಳೆದಿತ್ತು. ಗ್ಲಾಕೋಮಾವನ್ನು ಪತ್ತೆಹಚ್ಚಲು ಅದು ಸಾಮಾನ್ಯವಾಗಿ ಸಾಕು. ಹುಡುಗನು ಬಂದದ್ದು ಅದರಾಚೆಯ ಅಂಚಿನಿಂದ. ಪರೀಕ್ಷೆ ನಡೆದದ್ದು ನಿಶ್ಚಿತ ಬೆಳಕಿನ ಬೋಗುಣಿಯಲ್ಲಿ, ಮನಸ್ಸಿಗೆ ಬೇರೇನೂ ಕೆಲಸವಿಲ್ಲದಾಗ. ಘಟನೆ ನಡೆದದ್ದು ಮಬ್ಬುಗತ್ತಲಲ್ಲಿ, ಅವಸರದಲ್ಲಿ. ಕಾಗದವು ಸುಳ್ಳು ಹೇಳಿರಲಿಲ್ಲ. ‘ಈ ವಯಸ್ಸಿನ ಆರೋಗ್ಯವಂತರಿಗೆ ಹೋಲಿಸಿದರೆ ಈ ಭಾಗದಲ್ಲಿ ರೋಗದ ಲಕ್ಷಣವಿಲ್ಲ’ ಎಂದಷ್ಟೇ ಅದು ಹೇಳಿತ್ತು. ‘ಈತನು ಸಂಜೆಯ ಹೊತ್ತು ವಾಹನ ನಡೆಸಲು ಯೋಗ್ಯನೇ?’ ಎಂಬ ಪ್ರಶ್ನೆಯನ್ನು ಅದಕ್ಕೆ ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರವನ್ನು ಓದಿಕೊಂಡವನು ನಾನು.

ಎರಡು ಅಳತೆಗಳು

ಇದರಿಂದ ಒಂದು ವಿವೇಕವು ದೊರೆಯುತ್ತದೆ. ಮನುಷ್ಯನ ಶಕ್ತಿಯನ್ನು ಅಳೆಯಲು ಎರಡು ಮಾನದಂಡಗಳಿವೆ, ಎರಡೂ ನ್ಯಾಯವಾದವುಗಳೇ. ಒಂದು, ವಯಸ್ಸಿಗೆ ತಕ್ಕ ಮಾನದಂಡ. ರೋಗವಿದೆಯೋ ಇಲ್ಲವೋ ತಿಳಿಯಲು, ವೃದ್ಧನನ್ನು ಅನಾವಶ್ಯಕವಾಗಿ ರೋಗಿಯೆನ್ನದಿರಲು, ಅವನಿಂದ ಯುವಕನ ಶಕ್ತಿಯನ್ನು ನಿರೀಕ್ಷಿಸಿ ನಿಂದಿಸದಿರಲು ಇದು ಬೇಕು. ಇದು ಕರುಣೆಯ ಅಳತೆ. ಇನ್ನೊಂದು, ಕೆಲಸಕ್ಕೆ ತಕ್ಕ ಮಾನದಂಡ. ಇದು ವಯಸ್ಸನ್ನು ಕೇಳುವುದಿಲ್ಲ. ಈ ಕೆಲಸದಿಂದ ಇತರರಿಗೆ ಹಾನಿಯಾಗದಿರಲು ಎಷ್ಟು ದೃಷ್ಟಿ ಬೇಕೆಂದಷ್ಟೇ ಕೇಳುತ್ತದೆ. ಇದು ಅಹಿಂಸೆಯ ಅಳತೆ.

ವೈದ್ಯಶಾಸ್ತ್ರವೂ ಈ ಭೇದವನ್ನು ತಿಳಿದಿದೆ. ವಾಹನಚಾಲಕರಿಗಾಗಿ ಎರಡೂ ಕಣ್ಣುಗಳನ್ನು ತೆರೆದು ಮಾಡುವ ಎಸ್ಟರ್‌ಮನ್ ಪರೀಕ್ಷೆಯೆಂಬುದಿದೆ. ಅದರಲ್ಲಿ 120 ಜಾಗಗಳಲ್ಲಿ ಒಂದೇ ಪ್ರಮಾಣದ ಪ್ರಖರ ಬೆಳಕನ್ನು ತೋರಿಸುತ್ತಾರೆ. ಇಪ್ಪತ್ತರವನಿಗೂ ಎಂಬತ್ತರವನಿಗೂ ಬೆಳಕು ಒಂದೇ, ವಯಸ್ಸಿನ ರಿಯಾಯಿತಿಯಿಲ್ಲ. ಬ್ರಿಟನ್ನಿನಲ್ಲಿ ಚಾಲಕನಿಗೆ ಅಡ್ಡಲಾಗಿ ಕನಿಷ್ಠ 120 ಅಂಶಗಳ ಕ್ಷೇತ್ರವಿರಬೇಕೆಂಬ ನಿಯಮವೂ ಎಲ್ಲ ವಯಸ್ಸಿನವರಿಗೆ ಒಂದೇ. ರೋಗವನ್ನು ಹುಡುಕುವಾಗ ವಯಸ್ಸಿನ ರಿಯಾಯಿತಿ ಕೊಡುವ ವಿದ್ಯೆಯೇ ಬೀದಿಗೆ ಬಿಡುವಾಗ ಅದನ್ನು ಹಿಂತೆಗೆದುಕೊಳ್ಳುತ್ತದೆ.

ಒಂದು ಅಳತೆಯ ಜಾಗದಲ್ಲಿ ಇನ್ನೊಂದನ್ನು ಬಳಸಿದರೆ ಅದೂ ಹೀನಾಧಿಕ ಮಾನೋನ್ಮಾನವೇ ಎಂದು ನನಗೆ ತೋರುತ್ತದೆ. ಮನೆಯ ಹಿರಿಯರಿಗೆ ಮಬ್ಬಿನಲ್ಲಿ ಮೆಟ್ಟಿಲು ಕಾಣದಿದ್ದಾಗ “ಇಷ್ಟೂ ಕಾಣುವುದಿಲ್ಲವೇ?” ಎಂದು ಗದರುವ ಮಕ್ಕಳು ಕೆಲಸದ ಅಳತೆಯನ್ನು ಕರುಣೆಯ ಜಾಗದಲ್ಲಿ ಬಳಸುತ್ತಾರೆ. “ನನ್ನ ವಯಸ್ಸಿಗೆ ಚೆನ್ನಾಗಿಯೇ ಕಾಣುತ್ತದೆ” ಎಂದು ವಾಹನವೇರುವ ನನ್ನಂಥವರು ಕರುಣೆಯ ಅಳತೆಯನ್ನು ಅಹಿಂಸೆಯ ಜಾಗದಲ್ಲಿ ಬಳಸುತ್ತೇವೆ. ಕೊಡುವಾಗ ಕಿರಿದು, ಕೊಳ್ಳುವಾಗ ಹಿರಿದು.

ಪ್ರಮತ್ತಯೋಗದಿಂದ, ಅಂದರೆ ಅಜಾಗರೂಕತೆಯಿಂದ ಕೂಡಿದ ಪ್ರವೃತ್ತಿಯಿಂದ ಜೀವಕ್ಕೆ ಆಗುವ ಹಾನಿಯೇ ಹಿಂಸೆಯೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಈ ಲಕ್ಷಣವನ್ನು ಕಣ್ಣಿಗೆ ಅನ್ವಯಿಸಿದರೆ ಮೂರು ಸ್ಥಿತಿಗಳು ತೋರುತ್ತವೆ. ತನ್ನ ಕ್ಷೇತ್ರ ಕುಂದಿದೆಯೆಂದು ತಿಳಿಯುವ ಉಪಾಯವೇ ಇಲ್ಲದವನು ಮೊದಲನೆಯವನು; ಅವನಲ್ಲಿ ಪ್ರಮಾದವನ್ನು ಆರೋಪಿಸುವುದು ಕಷ್ಟ. ಉಪಾಯವಿದ್ದೂ ನೋಡದವನು ಎರಡನೆಯವನು. ಅವನ ಅಜ್ಞಾನದಲ್ಲಿಯೇ ಪ್ರಮಾದವಿದೆ. ಅಳತೆಯು ಕೈಗೆ ಬಂದ ಮೇಲೂ ಅದರಲ್ಲಿ ತನಗೆ ಅನುಕೂಲವಾದ ಒಂದು ಸಾಲನ್ನು ಮಾತ್ರ ಓದಿಕೊಂಡವನು ಮೂರನೆಯವನು. ನಾನು ಮೂರನೆಯವನಾಗಿದ್ದೆ. ತಿಳಿಯುವ ಸಾಧನಗಳು ಹೆಚ್ಚಿದಂತೆ ನಮ್ಮ ಹೊಣೆಯೂ ಹೆಚ್ಚುತ್ತದೆ. ನಮ್ಮ ಅಜ್ಜಂದಿರಿಗೆ ಕ್ಷಮಿಸಬಹುದಾಗಿದ್ದ ಅಜ್ಞಾನ ನಮಗೆ ಕ್ಷಮ್ಯವಲ್ಲ.

ಈ ಸಂದರ್ಭದಲ್ಲಿ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರನ್ನು ಸ್ಮರಿಸದಿರಲಾಗದು. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಈ ಮಹಾಪುರುಷರ ಕಣ್ಣುಗಳು ಇಳಿವಯಸ್ಸಿನಲ್ಲಿ ಮಂದವಾದವು. ಮುನಿಯು ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿ ಜೀವಿಗಳನ್ನು ಕಾಪಾಡುತ್ತ ನಡೆಯಬೇಕೆಂಬುದು ಈರ್ಯಾಸಮಿತಿ. ಆ ವ್ರತಕ್ಕೆ ತಮ್ಮ ಕಣ್ಣು ಇನ್ನು ಸಾಲದೆಂದು ಮನಗಂಡು ಅವರು 1955ರಲ್ಲಿ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಸಲ್ಲೇಖನಾ ವ್ರತವನ್ನು ಸ್ವೀಕರಿಸಿದರು. ಅದು ಮಹಾವ್ರತಿಗಳ ಮಾರ್ಗ; ಕಣ್ಣು ಮಂದವಾದ ಗೃಹಸ್ಥನಿಗೆ ಅದನ್ನು ನಾನು ಮಾದರಿಯಾಗಿ ಹೇಳುತ್ತಿಲ್ಲ. ಗೃಹಸ್ಥನಿಗೆ ಚಿಕಿತ್ಸೆಯಿದೆ, ದೀಪವಿದೆ, ಮಕ್ಕಳು ಮೊಮ್ಮಕ್ಕಳ ಕೈಯಾಸರೆಯಿದೆ. ನಾವು ಗಮನಿಸಬೇಕಾದುದು ಅವರು ಕೇಳಿಕೊಂಡ ಪ್ರಶ್ನೆಯನ್ನು. 83ರ ವಯಸ್ಸಿಗೆ ಇಷ್ಟು ಕಂಡರೆ ಸಾಕಲ್ಲವೇ ಎಂದು ಅವರು ಕೇಳಿಕೊಳ್ಳಲಿಲ್ಲ. ನೆಲದ ಮೇಲಿನ ಜೀವಿಗೆ ನನ್ನಿಂದ ಹಾನಿಯಾಗದಷ್ಟು ಕಾಣುತ್ತದೆಯೇ ಎಂದು ಕೇಳಿಕೊಂಡರು.

ಮಾಡಬಹುದಾದುದು

ವಿಚಾರವು ಆಚಾರಕ್ಕೆ ಇಳಿಯದಿದ್ದರೆ ವ್ಯರ್ಥ. ಆದ್ದರಿಂದ ಕೆಲವು ಸಲಹೆಗಳನ್ನು ಓದುಗರ ಮುಂದಿಡುತ್ತೇನೆ. ನಲವತ್ತು ದಾಟಿದವರು, ವಿಶೇಷವಾಗಿ ತಂದೆತಾಯಿ ಅಥವಾ ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇರುವವರು, ಅಕ್ಷರಗಳ ಫಲಕಕ್ಕೆ ತೃಪ್ತರಾಗದೆ ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷಿಸಿಕೊಳ್ಳಲಿ. ವೈದ್ಯರು ಹೇಳಿದರೆ ಕ್ಷೇತ್ರಪರೀಕ್ಷೆಯನ್ನೂ ಮಾಡಿಸಿಕೊಳ್ಳಲಿ. ಮೊದಲ ಸಲದ ಪರೀಕ್ಷೆಯಲ್ಲಿ ಅಭ್ಯಾಸವಿಲ್ಲದೆ ಫಲಿತಾಂಶ ಕೆಳಗಿರುವುದು ಸಾಮಾನ್ಯ. ಜೋಲುವ ರೆಪ್ಪೆಯಿಂದ ಮೇಲಿನ ಭಾಗ ಕುಂದಿದಂತೆ ತೋರುವುದೂ ಉಂಟು. ಅದಕ್ಕೆ ಎದೆಗುಂದಬಾರದು. ಹಳೆಯ ವರದಿಗಳನ್ನು ಲೆಕ್ಕದ ಪುಸ್ತಕದಂತೆ ಕಾಪಾಡಿಡಬೇಕು. ಮುಂದಿನ ಅಳತೆಗೆ ಅವೇ ಆರಂಭದ ಶಿಲ್ಕು.

ಬಸದಿಗಳ ಆಡಳಿತ ಮಂಡಳಿಯವರಲ್ಲಿಯೂ ಒಂದು ವಿನಂತಿ. ಗ್ಲಾಕೋಮಾ ಇರುವ ವೃದ್ಧರಲ್ಲಿ ಕೆಳಗಿನ ಕ್ಷೇತ್ರ ಕುಂದಿದವರು ಹೆಚ್ಚಾಗಿ ಎಡವಿ ಬೀಳುತ್ತಾರೆಂದು ಅಧ್ಯಯನಗಳು ಹೇಳುತ್ತವೆ. ಕರಿಗಲ್ಲಿನ ಮೆಟ್ಟಿಲ ಅಂಚಿಗೆ ಒಂದು ಬಿಳಿಯ ಗೆರೆ, ಹೊಸ್ತಿಲ ಬಳಿ ಸಾಕಷ್ಟು ಬೆಳಕು, ಹಿಡಿಯಲು ಒಂದು ಸಲಾಕೆ, ಇವಕ್ಕೆ ತಗಲುವ ವೆಚ್ಚ ಅಲ್ಪ. ಎಪ್ಪತ್ತರ ಕಣ್ಣಿಗೆ ಇಮ್ಮಡಿ ಬೆಳಕು ಬೇಕೆಂಬ ಲೆಕ್ಕವನ್ನು ನೆನಪಿಟ್ಟು ದೀಪದ ವ್ಯವಸ್ಥೆ ಮಾಡಿದರೆ ಅದೂ ಒಂದು ದಾನವೇ.

ನನ್ನ ಮಟ್ಟಿಗೆ ಹೇಳುವುದಾದರೆ, ಆ ಸಂಜೆಯ ನಂತರ ಸ್ಕೂಟರನ್ನು ಮಗನಿಗೆ ಒಪ್ಪಿಸಿದ್ದೇನೆ. ಅಂಗಡಿಯನ್ನು ಅರ್ಧ ಗಂಟೆ ಮುಂಚೆ ಬಿಟ್ಟು ನಡೆದೇ ಮನೆಗೆ ಬರುತ್ತೇನೆ. ಇದರಿಂದ ವ್ಯಾಪಾರಕ್ಕೆ ಸ್ವಲ್ಪ ನಷ್ಟವಿದೆ. ಅಭಿಮಾನಕ್ಕೂ ಇತ್ತು, ಈಗ ಅದು ಕಡಿಮೆಯಾಗಿದೆ. ಆ ಹುಡುಗ ಆಗಾಗ ಸೈಕಲ್ಲಿನಲ್ಲಿ ಎದುರಾಗುತ್ತಾನೆ. ದೂರದಿಂದಲೇ ಗಂಟೆ ಬಾರಿಸಿ, ನನ್ನ ಬಲಗಡೆಗೆ ಬಂದು, “ಅಜ್ಜಾರೇ, ಕಾಣಿಸ್ತೇನಾ?” ಎಂದು ನಗುತ್ತಾನೆ. ಕಂಡರೆ ಕಂಡಿತೆನ್ನುತ್ತೇನೆ. ಕಾಣದಿದ್ದ ದಿನ, ಧ್ವನಿ ಕೇಳಿದ ಮೇಲೆ ಕಂಡಿತೆಂದು ಅವನಿಗೂ ಹೇಳುತ್ತೇನೆ.